ಸಂಚಿಯೊಳಗಿನ ಸಾಕ್ಷಿ

ಬರ್ಮಿಂಗ್‌ಹ್ಯಾಮ್

ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ. ಸುಮ್ಮನೆ ನೋಡುವುದಲ್ಲ, ಹೊರಗೆ ಯಾರೋ ಬೀಗರು ನಿಂತಿದ್ದಾರೇನೋ ಎಂಬಂತೆ ನೋಡುತ್ತಾನೆ. ಸರ್ಕಾರಿ ಬಸ್ಸುಗಳ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿ ಅರಸೀಕೆರೆ, ತಿಪಟೂರು, ಕಡೂರು ರಸ್ತೆಗಳಲ್ಲಿ ಆಯಸ್ಸು ಸವೆಸಿದ ನನಗೆ ಆ ನೋಟ ನಿದ್ದೆಗಣ್ಣಿನಲ್ಲೂ ಗುರುತು ಸಿಗುತ್ತದೆ. ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವ ರೈಲಿನಲ್ಲಿ ನನ್ನ ಅಕ್ಕನ ಮಗ ಪ್ರಮೋದ ಅದೇ ನೋಟ ನೋಡುತ್ತಿದ್ದ. ಅವನ ಕೈಯಲ್ಲಿ ಟಿಕೆಟ್ ಇತ್ತು. ಹಾಗಾದರೆ ಇನ್ನೇನೋ ಇದೆ ಎಂದು ಅಲ್ಲೇ ಅಂದುಕೊಂಡೆ.

ಇಂಗ್ಲೆಂಡಿಗೆ ಊರು ನೋಡಲು ಹೋಗುತ್ತಿದ್ದೇನೆ ಎಂದು ನೆಂಟರಿಷ್ಟರಿಗೆಲ್ಲ ಹೇಳಿದ್ದೆ. ಸುಳ್ಳಲ್ಲ, ಅರ್ಧ ನಿಜ. ಪ್ರಮೋದ ಅಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಫೋನಿನಲ್ಲಿ ಮಾತಾಡುವಾಗ ಕೆಮ್ಮುತ್ತಾನೆ, ಮಾತಿನ ನಡುವೆ ಎದ್ದು ಹೋಗುತ್ತಾನೆ, ಮುಖ ತೋರಿಸು ಅಂದರೆ ನೆಟ್‌ವರ್ಕ್ ಇಲ್ಲ ಅನ್ನುತ್ತಾನೆ ಎಂದು ಅಕ್ಕನಿಗೆ ಗಾಬರಿ. ಅವಳಿಗೆ ಮಂಡಿನೋವು, ಅಷ್ಟು ದೂರ ಕೂತು ಬರಲಾಗುವುದಿಲ್ಲ. "ನೀನು ಹೋಗಿ ನೋಡ್ಕೊಂಡು ಬಾರೋ. ಎಷ್ಟು ಜನರ ಜೇಬು ನೋಡಿದೋನು ನೀನು! ಹುಡುಗ ಸರಿಯಿದಾನೆ ಅಂದ್ರೆ ಓದ್ಲಿ. ಕೆಟ್ಟಿದಾನೆ ಅಂದ್ರೆ ಕೈ ಹಿಡ್ಕೊಂಡು ಕರ್ಕೊಂಡು ಬಂದ್ಬಿಡು, ಓದು ಹಾಳಾಗಿ ಹೋಗ್ಲಿ" ಎಂದಳು. ಅಕ್ಕ ಆಡಿದರೆ ಆಡಿದ ಹಾಗೆ ಮಾಡುವವಳು. ಹುಡುಗನ ಓದು ನಾನು ಹೇಳುವ ಒಂದು ಮಾತಿನ ಮೇಲೆ ನಿಂತಿತ್ತು.

ಹೊರಡುವಾಗ ಅವಳು ನನಗೊಂದು ಹೊಸ ಸಂಚಿ ಹೊಲಿದುಕೊಟ್ಟಳು. ಕೆಂಪು ಖಣದ ಬಟ್ಟೆ, ಒಳಗೆ ಮೂರು ಅರೆ, ಬಾಯಿಗೆ ದಾರ. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಇನ್ನೊಂದರಲ್ಲಿ ಸ್ಟೀಲಿನ ಸುಣ್ಣದ ಡಬ್ಬಿ. ಅಡಿಕೆಯ ಕೆಳಗೆ ನಾನು ಪೊಟ್ಟಣ ಕಟ್ಟಿ ಬಚ್ಚಿಟ್ಟ ಹೊಗೆಸೊಪ್ಪು. ಬಾಯಿಹುಣ್ಣು ನೋಡಿದ ಡಾಕ್ಟರು ಹೊಗೆಸೊಪ್ಪು ಬಿಡಿ ಎಂದಿದ್ದರು, ಬಿಟ್ಟೆ ಎಂದು ಅಕ್ಕನ ಕೈಮೇಲೆ ಕೈಯಿಟ್ಟು ಹೇಳಿದ್ದೆ. ಅವಳಿಗೆ ಎಲ್ಲವೂ ಗೊತ್ತಿರಬೇಕೆಂದೇನೂ ಇಲ್ಲ. ಸರ್ವೀಸಿನಲ್ಲಿದ್ದಾಗ, ಹಿಡಿದ ಹಳೇ ಟಿಕೆಟ್ಟುಗಳನ್ನೂ ನಾನು ಸಂಚಿಯಲ್ಲೇ ಇಡುತ್ತಿದ್ದೆ. ಇನ್ನೊಬ್ಬನ ಸಂಚಿಯಿಂದ ಜನ ಎಲೆಅಡಿಕೆ ಕೇಳಿ ಈಸಿಕೊಳ್ಳುತ್ತಾರೆಯೇ ಹೊರತು ಒಳಗೆ ಕೈ ಹಾಕುವುದಿಲ್ಲ. ಸಾಕ್ಷಿ ಇಡಲು ಅದಕ್ಕಿಂತ ಭದ್ರವಾದ ಜಾಗ ನಾನು ಕಂಡಿಲ್ಲ.

ಬರ್ಮಿಂಗ್‌ಹ್ಯಾಮಿನ ಬಸ್ಸುಗಳಲ್ಲಿ ಕಂಡಕ್ಟರ್ ಇಲ್ಲ. ಹತ್ತುವವನು ಡ್ರೈವರಿನ ಪಕ್ಕದ ಯಂತ್ರಕ್ಕೆ ಕಾರ್ಡು ತೋರಿಸುತ್ತಾನೆ, ಅದು ಕೀಂ ಅನ್ನುತ್ತದೆ, ಮುಗಿಯಿತು. ಇಳಿಯುವಾಗ ಎಲ್ಲರೂ ಡ್ರೈವರಿಗೆ "ಥ್ಯಾಂಕ್ಯೂ" ಎಂದು ಕೂಗಿ ಇಳಿಯುತ್ತಾರೆ. ಈ ಡ್ರೈವರು ಅಂಥದ್ದೇನು ಉಪಕಾರ ಮಾಡಿದ ಎಂದು ನಾನು ಅವನನ್ನೇ ದಿಟ್ಟಿಸಿದೆ. ನನ್ನ ಇಡೀ ಸರ್ವೀಸಿನಲ್ಲಿ ನನಗೆ ಥ್ಯಾಂಕ್ಸ್ ಹೇಳಿದವನು ಒಬ್ಬನೇ, ಅವನ ಹತ್ತಿರ ಟಿಕೆಟ್ ಇರಲಿಲ್ಲ. ಇನ್ನು ಆ ದೇಶದಲ್ಲಿ ಉಗುಳಲು ಜಾಗವೇ ಇಲ್ಲ. ಕಾಗದದ ಲೋಟವೊಂದನ್ನು ಕೋಟಿನ ಮರೆಯಲ್ಲಿ ಹಿಡಿದುಕೊಂಡು ಓಡಾಡಬೇಕಾಯಿತು.

ಪ್ರಮೋದನ ರೂಮಿಗೆ ಕಾಲಿಟ್ಟರೆ ಮಾಗಿದ ಮಾವಿನಹಣ್ಣಿನ ವಾಸನೆ. ಹುಡುಕಿದೆ. ಮಾವಿನಹಣ್ಣಿರಲಿ, ಒಂದು ಬಾಳೆಹಣ್ಣೂ ಇರಲಿಲ್ಲ. ಮರುದಿನ ಬೆಳಿಗ್ಗೆ ಕಸದ ಡಬ್ಬ ಇಟ್ಟುಬರುತ್ತೇನೆಂದು ಹಿತ್ತಲಿಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ನಾಗಸ್ವರದ ಪೀಪಿಯಂಥ ಹಿತ್ತಾಳೆಯ ಕೊಳವೆಯೊಂದನ್ನು ಬಾಯಿಗಿಟ್ಟು, ತಳದ ಗುಂಡಿ ಒತ್ತಿ ಎಳೆದ. ಬಚ್ಚಲೊಲೆಗೆ ಹಸಿ ಸೌದೆ ತುರುಕಿದರೆ ಏಳುವಷ್ಟು ಹೊಗೆ ಎದ್ದಿತು. ಹೊಗೆಯೊಳಗಿಂದ ಅವನ ಕೆಮ್ಮು ಕೇಳಿಸಿತು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಆದರೂ ಬಾಯಿ ಬಿಡಲಿಲ್ಲ. ಕಳ್ಳ ಕಂಡ ತಕ್ಷಣ ಬಸ್ಸು ನಿಲ್ಲಿಸುವವನು ಎಳಸು ಇನ್ಸ್‌ಪೆಕ್ಟರ್. ಇನ್ನೊಂದು ಸ್ಟೇಜು ಹೋಗಲಿ ಎಂದು ಬಿಡಬೇಕು, ಜೊತೆಯವರೂ ಸಿಗುತ್ತಾರೆ.

ಮ್ಯಾಂಚೆಸ್ಟರ್

ಈಸ್ಟರ್ ರಜೆ. ಪ್ರಮೋದ ತಾನಾಗಿಯೇ, "ಮಾವ, ಮ್ಯಾಂಚೆಸ್ಟರ್ ನೋಡ್ಕೊಂಡು ಹಾಗೇ ಲೀಡ್ಸ್‌ಗೆ ಹೋಗೋಣ. ಅಲ್ಲಿ ಸುಹಾಸ್ ಅಂತ ನನ್ನ ಫ್ರೆಂಡ್ ಓದ್ತಿದಾನೆ, ದಾವಣಗೆರೆಯವನು. ಅವನಿಗೆ ಏನೋ ಒಂದು ವಾಪಸ್ ಕೊಡ್ಬೇಕು" ಎಂದ. ಏನೋ ಒಂದು! ಖುಷಿಯಿಂದ ಒಪ್ಪಿಕೊಂಡೆ.

ಮ್ಯಾಂಚೆಸ್ಟರಿನಲ್ಲಿ ನನ್ನನ್ನು ಒಂದು ಲೈಬ್ರರಿಯೊಳಗೆ ಕೂರಿಸಿ, "ಇಲ್ಲೇ ಇರಿ ಮಾವ, ಐದು ನಿಮಿಷ" ಎಂದು ಹೊರಟ. ಓದುಗರ ನಡುವೆ ಕೂರಿಸಿದರೆ ಮುದುಕ ನಿದ್ದೆ ಹೋಗುತ್ತಾನೆಂದು ಲೆಕ್ಕ. ಹಿಂದೆಯೇ ಹೋದೆ. ಮೂಲೆಯ ಒಂದು ಅಂಗಡಿಗೆ ನುಗ್ಗಿದ. ಗಾಜಿನ ಕಪಾಟುಗಳ ತುಂಬ ಮಾವು, ದ್ರಾಕ್ಷಿಯ ಚಿತ್ರವಿದ್ದ ಬಣ್ಣಬಣ್ಣದ ಸೀಸೆಗಳು, ಥೇಟ್ ಸೋಡಾ ಅಂಗಡಿ. ಕೌಂಟರಿನ ಹಿಂದೆ ನೀಲಿ ಕೂದಲಿನ ಹೆಂಗಸು. ನಾನು ಒಳಗೆ ಕಾಲಿಡುತ್ತಲೇ ಪ್ರಮೋದನ ಮುಖ ಸುಣ್ಣವಾಯಿತು.

"ಅದು... ಮಾವ... ಸಿಗರೇಟ್ ಬಿಡೋಕೆ ಅಂತ ಈ ಇ-ಸಿಗರೇಟ್ ಹಿಡಿದೆ."

"ಓಹೋ, ಸಿಗರೇಟೂ ಉಂಟು" ಎಂದೆ. ಒಂದು ಕೇಸಿಗೆ ಹೋಗಿ ಎರಡು ಸಿಕ್ಕಿತು.

ಆ ಹೆಂಗಸು ನಮ್ಮಿಬ್ಬರನ್ನೂ "ಲವ್" ಎಂದು ಕರೆದಳು. ಗುರುತಿಲ್ಲದವರ ಬಾಯಲ್ಲಿ ಬೆಲ್ಲ ಇದ್ದರೆ ನನಗೆ ಮೈಯೆಲ್ಲ ಕಣ್ಣಾಗುತ್ತದೆ. ಅವಳು ಕೊಳವೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಎಲ್ಲಿ ಸಿಕ್ಕಿತು, ಎಷ್ಟು ದಿನದಿಂದ ಸೇದುತ್ತೀ, ಒಳಗಿನ ತಂತಿ ಸುರುಳಿ ಯಾರು ಸುತ್ತಿದ್ದು ಎಂದು ಕೇಳಿದಳು. ಈಗಷ್ಟೇ ಶುರುಮಾಡಿದ್ದು, ಗೆಳೆಯನದು, ಸುತ್ತಿದವನೂ ಅವನೇ ಎಂದ ಪ್ರಮೋದ. ಅವಳು ಸುರುಳಿಯನ್ನು ಒಂದು ಸಣ್ಣ ಮೀಟರಿಗೆ ಇಟ್ಟು ನೋಡಿ ತಲೆಯಾಡಿಸಿದಳು. ಆಮೇಲೆ ಒಂದೇ ಸಮನೆ ಮಾತಾಡಿದಳು. ಪ್ರಮೋದ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದ.

"ಸುರುಳಿಯ ರೆಸಿಸ್ಟೆನ್ಸ್ ತುಂಬಾ ಕಮ್ಮಿ ಇದೆಯಂತೆ ಮಾವ. ಕಮ್ಮಿ ಆದಷ್ಟೂ ಸೆಲ್ಲಿಂದ ಕರೆಂಟ್ ಜಾಸ್ತಿ ಎಳೆಯುತ್ತೆ. ಪ್ರತಿ ಸೆಲ್‌ಗೂ ಇಷ್ಟೇ ಕೊಡಬಲ್ಲೆ ಅಂತ ಒಂದು ಮಿತಿ ಇರುತ್ತೆ, ಇದು ಅದನ್ನ ದಾಟಿದೆ. ಬೇರೆ ಡಿವೈಸ್‌ಗಳಲ್ಲಿ ಸರ್ಕ್ಯೂಟ್ ಇರುತ್ತೆ, ಜಾಸ್ತಿಯಾದ್ರೆ ತಾನೇ ಆಫ್ ಆಗುತ್ತೆ. ಇದರಲ್ಲಿ ಏನೂ ಇಲ್ಲ, ಬರೀ ಕೊಳವೆ, ಬರೀ ಗುಂಡಿ. ಹೊಸಬರು ಮುಟ್ಟೋ ವಸ್ತುನೇ ಅಲ್ಲವಂತೆ."

ಸ್ಪೀಡ್ ಗವರ್ನರ್ ಇಲ್ಲದ ಬಸ್ಸನ್ನು ಈಗಷ್ಟೇ ಡ್ರೈವಿಂಗ್ ಕಲಿಯುವ ಹುಡುಗನ ಕೈಗೆ ಕೊಟ್ಟ ಹಾಗೆ ಎಂದು ಅರ್ಥವಾಯಿತು. ಅವಳು ಕೊಳವೆಯಿಂದ ಸೆಲ್ ತೆಗೆದಳು. ಟಾರ್ಚಿನ ಸೆಲ್ಲಿಗಿಂತ ಕೊಂಚ ಉದ್ದ, ಮೇಲೆ ಹಸಿರು ಪ್ಲಾಸ್ಟಿಕ್ಕಿನ ತೊಗಲು. ತಲೆಯ ಹತ್ತಿರ ಆ ತೊಗಲು ಹರಿದಿತ್ತು. ಅವಳು ಉಗುರಿನಿಂದ ಅದನ್ನು ತೋರಿಸಿದಳು. ಮೇಲಿನ ಗುಂಡಿಯಷ್ಟೇ ಪ್ಲಸ್ಸು, ಉಳಿದ ಮೈಯೆಲ್ಲ ಮೈನಸ್ಸು, ನಡುವೆ ಇರುವುದು ಈ ತೊಗಲೊಂದೇ. ಇಲ್ಲಿ ಹರಿದರೆ ಒಂದು ಕಾಸು ತಾಗಿದರೂ ಸಾಕು, ಎರಡೂ ಸೇರಿ ಬೆಂಕಿಯಾಗುತ್ತದೆ. ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಜೊತೆ ಜೇಬಿಗೆ ಹಾಕಲೇಬೇಡ ಎಂದಳಂತೆ.

ಕಾಸಿನಿಂದ ಬೆಂಕಿ ಹತ್ತುವುದಾದರೆ ನಮ್ಮ ಕಂಡಕ್ಟರುಗಳೆಲ್ಲ ಎಂದೋ ಸುಟ್ಟು ಬೂದಿಯಾಗಬೇಕಿತ್ತು ಎಂದುಕೊಂಡೆ.

ಪ್ರಮೋದ ಹೊಸ ಸೆಲ್ ಕೇಳಿದ, ಅವಳು ಈ ಕೊಳವೆಗೆ ಕೊಡುವುದಿಲ್ಲ ಎಂದಳು. ಹರಿದ ಸೆಲ್ಲನ್ನು ಇಲ್ಲೇ ಬಿಟ್ಟುಹೋಗು, ಹಳೇ ಬ್ಯಾಟರಿಗಳ ಡಬ್ಬಕ್ಕೆ ಹಾಕುತ್ತೇನೆ ಎಂದಳು. ಗೆಳೆಯನ ವಸ್ತು, ಅವನಿಗೇ ತೋರಿಸಿ ಹೇಳಬೇಕು, ಅವನೂ ಇಂಥದ್ದೇ ಇನ್ನೊಂದು ಸೇದುತ್ತಾನೆ ಎಂದ ಇವನು. ಅವಳು ಸೆಲ್ಲಿನ ತಲೆಗೆ ಪಟ್ಟಿ ಅಂಟಿಸಿ, ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯೊಂದಕ್ಕೆ ಹಾಕಿ ಕೊಟ್ಟಳು. ಡಬ್ಬಿ ಬಿಟ್ಟಿ.

ನನಗೆ ಪೂರ್ತಿ ಅನುಮಾನ ಬಂದದ್ದು ಅಲ್ಲೇ. ಯಾವ ಅಂಗಡಿಯವಳು ಬಂದ ಗಿರಾಕಿಗೆ ಸಾಮಾನು ಕೊಡುವುದಿಲ್ಲ ಅನ್ನುತ್ತಾಳೆ? ಮೇಲಿಂದ ಡಬ್ಬಿ ಬೇರೆ ಪುಕ್ಕಟೆ! ಇದು ಕಂಡಕ್ಟರೂ ಪ್ಯಾಸೆಂಜರೂ ಒಳಗೊಳಗೇ ಸೇರಿಕೊಂಡ ಕೇಸು. ಇನ್ಸ್‌ಪೆಕ್ಟರ್ ಬಸ್ಸು ಹತ್ತಿದಾಗ ಇಬ್ಬರೂ ಜಗಳವಾಡುವ ಹಾಗೆ ನಟಿಸುತ್ತಾರೆ. ಆ ಸೆಲ್ಲಿನೊಳಗೆ, ಅಥವಾ ಆ ಪಟ್ಟಿಯ ಕೆಳಗೆ, ಬೇರೆ ಏನೋ ಇದೆ. ಅದು ಲೀಡ್ಸಿಗೆ ಹೋಗುತ್ತಿದೆ.

ಸ್ಟಾಕ್‌ಪೋರ್ಟ್

ಮ್ಯಾಂಚೆಸ್ಟರಿಗೆ ತಗುಲಿಕೊಂಡ ಊರು. ಮನೆಯನ್ನೇ ಲಾಡ್ಜ್ ಮಾಡಿಕೊಂಡ ಮುದುಕಿಯೊಬ್ಬಳ ಹತ್ತಿರ ಉಳಿದಿದ್ದೆವು. ಅಲ್ಲಿಯ ಬೇಸಿನ್ನಿಗೆ ಎರಡು ನಲ್ಲಿ, ಒಂದರಲ್ಲಿ ಕೈ ಮರಗಟ್ಟುವ ನೀರು, ಇನ್ನೊಂದರಲ್ಲಿ ಕೋಳಿಯ ಪುಕ್ಕ ಕೀಳುವಷ್ಟು ಬಿಸಿನೀರು. ಎರಡನ್ನೂ ಬೆರೆಸುವ ಉಪಾಯ ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದವರಿಗೆ ಯಾಕೆ ಹೊಳೆಯಲಿಲ್ಲವೋ ತಿಳಿಯದು.

ಬೆಳಿಗ್ಗೆ ಸ್ನಾನ ಮುಗಿಸಿ, ವಾಡಿಕೆಯಂತೆ ಎರಡು ಊದುಬತ್ತಿ ಹಚ್ಚಿ ಕೈಮುಗಿದೆ. ಕಣ್ಣು ಮುಚ್ಚಿ ಅರ್ಧ ಶ್ಲೋಕ ಆಗಿರಲಿಲ್ಲ, ನೆತ್ತಿಯ ಮೇಲೆ ಕಿವಿ ಹರಿಯುವಂತೆ ಒಂದು ಡಬ್ಬಿ ಅರಚತೊಡಗಿತು. ಹೊಗೆ ಕಂಡರೆ ಕೂಗುವ ಯಂತ್ರವಂತೆ. ಪ್ರಮೋದ ಕುರ್ಚಿ ಹತ್ತಿ ಟವೆಲ್ ಬೀಸಿದ. ಮುದುಕಿ ರಾತ್ರಿಯುಡುಪಿನಲ್ಲೇ ಓಡಿಬಂದು ನನ್ನನ್ನು ಕೊಲೆಗಾರನನ್ನು ನೋಡಿದ ಹಾಗೆ ನೋಡಿದಳು. ಅಂಥ ನೋಟವನ್ನು ಜೀವಮಾನವೆಲ್ಲ ನಾನು ಇನ್ನೊಬ್ಬರ ಮೇಲೆ ಬೀರಿದ್ದೆ. ನನ್ನ ಮೇಲೆ ಬಿದ್ದದ್ದು ಅದೇ ಮೊದಲು, ಚೆನ್ನಾಗಿರಲಿಲ್ಲ.

ಪ್ರಮೋದ ಅವಳನ್ನು ಸಮಾಧಾನಪಡಿಸುತ್ತ ಕೆಳಗೆ ಹೋದ. ಅವನ ಜಾಕೆಟ್ಟು ಗೂಟದಲ್ಲಿತ್ತು. ಕೈ ಹಾಕಿದೆ, ಡಬ್ಬಿ ಸಿಕ್ಕಿತು. ಸೆಲ್ಲನ್ನು ತೆಗೆದು ಅಂಟುಪಟ್ಟಿ ಕಿತ್ತು ನೋಡಿದೆ. ಕೆಳಗೆ ಏನೂ ಇರಲಿಲ್ಲ. ಮೂಸಿದೆ, ಕಿವಿಯ ಹತ್ತಿರ ಅಲ್ಲಾಡಿಸಿದೆ. ಇರಲಿ, ಸಾಕ್ಷಿ ಕೈಯಲ್ಲಿದ್ದರೆ ಆರೋಪಿ ತಾನೇ ಬಾಯಿಬಿಡುತ್ತಾನೆ. ಸೆಲ್ಲನ್ನು ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕಕ್ಕೆ ಸೇರಿಸಿದೆ. ಡಬ್ಬಿ ಖಾಲಿಯೆಂದು ಗೊತ್ತಾಗದಿರಲಿ ಎಂದು ತೂಕಕ್ಕೆ ಎರಡು ಗೋಟಡಿಕೆ ಹಾಕಿ, ಮುಚ್ಚಿ, ಜಾಕೆಟ್ಟಿನಲ್ಲಿ ಇದ್ದಲ್ಲೇ ಇಟ್ಟೆ. ನನ್ನ ಜಾಣತನಕ್ಕೆ ನಾನೇ ಮೀಸೆ ತಿರುವಿಕೊಂಡೆ.

ಲೀಡ್ಸ್

ಲೀಡ್ಸಿನ ರೈಲು ಗುಡ್ಡಗಳ ನಡುವೆ ನುಗ್ಗಿ, ಉದ್ದದ ಸುರಂಗವೊಂದನ್ನು ಹಾದುಹೋಗುತ್ತದೆ. ಗಾರ್ಡು ಬಂದು ಒಬ್ಬೊಬ್ಬರ ಟಿಕೆಟ್ಟಿಗೂ ಥ್ಯಾಂಕ್ಸ್ ಹೇಳಿದ, ಯಾರ ಮುಖವನ್ನೂ ನೋಡಲಿಲ್ಲ. ಹೀಗೆ ಚೆಕ್ ಮಾಡಿದರೆ ಹಿಡಿಯುವುದೇನು ಬಂತು! ಪ್ರಮೋದ ಎದುರಿಗೆ ಕೂತು ಕಿಟಕಿಯಾಚೆ ಕುರಿಗಳನ್ನು ನೋಡುತ್ತಿದ್ದ.

ಸುಹಾಸ ಹಳೇ ಮಾರ್ಕೆಟ್ಟಿನ ಹತ್ತಿರ ಬರುತ್ತೇನೆ ಎಂದಿದ್ದ. ಕಬ್ಬಿಣದ ಕಂಬ, ಗಾಜಿನ ಛಾವಣಿಯ ದೊಡ್ಡ ಮಾರ್ಕೆಟ್ಟು. ಮೀನಿನವರು ಕೂಗುವ ಧಾಟಿಗೆ ನನಗೆ ಅರಸೀಕೆರೆ ಸಂತೆಯೇ ನೆನಪಾಯಿತು. ಬಾಗಿಲ ಬಳಿಯ ಟೀ ಅಂಗಡಿಯಲ್ಲಿ ದಪ್ಪನೆಯ ಹೆಂಗಸೊಬ್ಬಳು "ಹಿಯರ್ ಯೂ ಆರ್, ಲವ್" ಎಂದು ಟೀ ಕೊಟ್ಟಳು. ಇಲ್ಲೂ ಲವ್! ಅವಳು ಕೊಟ್ಟ ಚಿಲ್ಲರೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಎಂದಿನಂತೆ ಸಂಚಿಗೆ ಸುರಿದು, ದಾರ ಬಿಗಿದು ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಹೊರಗಿನ ಬೆಂಚಿನ ಮೇಲೆ ಕೂತೆವು.

"ಮಾವ, ಒಂದು ಮಾತು" ಎಂದ ಪ್ರಮೋದ. "ಸುಹಾಸ್‌ಗೆ ಇದನ್ನ ಕೊಟ್ಬಿಟ್ರೆ ಮುಗೀತು. ಇನ್ನು ಮುಟ್ಟಲ್ಲ. ಅಮ್ಮನಿಗೆ ಏನು ಹೇಳ್ತೀರೋ ಹೇಳಿ, ಇದನ್ನೂ ಹೇಳಿ. ಇನ್ನು ಪ್ರಾಜೆಕ್ಟ್ ಒಂದೇ ಬಾಕಿ ಇರೋದು." ಅವನ ದನಿ ನಡುಗುತ್ತಿತ್ತು. ನನಗೆ ಕರುಣೆ ಬರಲಿಲ್ಲ. ಸಿಕ್ಕಿಬಿದ್ದವರ ದನಿ ಎಲ್ಲ ಕಡೆಯೂ ನಡುಗುತ್ತದೆ.

ಅವನು ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಎರಡು ಗೋಟಡಿಕೆ ಉರುಳಿದವು. ಅವನು ಅಡಿಕೆ ನೋಡಿದ, ನನ್ನನ್ನು ನೋಡಿದ.

"ಮಾವ, ಸಂಚಿ ಎಲ್ಲಿ?"

"ಯಾವ ಸಂಚಿ?"

"ಸೆಲ್ ಸಂಚೀಲಿದೆಯಾ? ಚಿಲ್ಲರೆ ಈಗ ಅದಕ್ಕೇ ಹಾಕಿದ್ರಲ್ಲ! ತೆಗೀರಿ ಮಾವ, ಬೇಗ!"

ಈಗ ಸಿಕ್ಕಿದ ಮಗ ಎಂದು ನಾನು ಹಾಯಾಗಿ ಬೆನ್ನು ಆನಿಸಿದೆ. ಎದೆಯ ಎಡಕ್ಕೆ ಬೆಚ್ಚಗಾಗುತ್ತಿತ್ತು, ಟೀ ಇಳಿದದ್ದು ಎಂದುಕೊಂಡೆ. ಬಿಸಿಯಾಯಿತು. ಆಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಒತ್ತಿದಂತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರಮೋದ ನನ್ನ ಕೋಟಿನೊಳಗೆ ಕೈ ತೂರಿಸಿ ಸಂಚಿ ಹಿಡಿದೆಳೆದಿದ್ದ. ಅದು ಅವನ ಕೈಯಲ್ಲೇ ಬುಸ್ಸೆಂದಿತು. ಖಾಲಿ ಇದ್ದ ಕಲ್ಲುಹಾಸಿನ ಕಡೆಗೆ ಬೀಸಿ ಎಸೆದು, ನನ್ನ ಹೆಗಲು ಹಿಡಿದು ಹಿಂದಕ್ಕೆ ನೂಕಿದ. ಕೆಂಪು ಖಣದ ಬಟ್ಟೆ ನನ್ನ ಕಣ್ಣೆದುರೇ ಭಗ್ಗೆಂದು ಹತ್ತಿಕೊಂಡಿತು. ಮೂಗು ಉರಿಸುವ ಹೊಗೆ, ದೀಪಾವಳಿಯ ಭೂಚಕ್ರದಂತೆ ಕಿಡಿ. ಯಾರೋ ಒಬ್ಬ ಅದನ್ನು ಒದ್ದು ಕಸದ ತೊಟ್ಟಿಗೆ ಸೇರಿಸಲು ಮುಂದೆ ಬಂದ. ಪ್ರಮೋದ ಎರಡೂ ಕೈ ಚಾಚಿ ಅಡ್ಡ ನಿಂತು, ಹತ್ತಿರ ಬರಬೇಡಿ ಎಂದು ಕೂಗಿದ. ಹಳದಿ ಜಾಕೆಟ್ಟಿನ ಕಾವಲುಗಾರ ಓಡಿಬಂದು ಜನರನ್ನು ದೂರ ಸರಿಸಿದ.

ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗೆ ಅನ್ನುತ್ತಾರಲ್ಲ, ನಾನು ಅದನ್ನು ಎದೆಗೇ ಕಟ್ಟಿಕೊಂಡು ರೈಲಿನಲ್ಲಿ ಸುರಂಗ ದಾಟಿ ಬಂದಿದ್ದೆ. ಚೀಲ ಇನ್ನೆರಡು ಉಸಿರು ಅಲ್ಲೇ ಇದ್ದಿದ್ದರೆ ಈ ಕಥನ ಬರೆಯಲು ನಾನಿರುತ್ತಿರಲಿಲ್ಲ. ಪ್ರಮೋದನ ಬಲಗೈ ನೋಡಿದೆ. ಅಂಗೈ ಕೆಂಪಗೆ ಬೆಂದು ಬೊಬ್ಬೆ ಏಳುತ್ತಿತ್ತು.

ಟೀ ಅಂಗಡಿಯ ಹೆಂಗಸು "ಕಮ್ ಹಿಯರ್, ಲವ್" ಎಂದು ಅವನನ್ನು ಒಳಗೆಳೆದುಕೊಂಡು ಕೈಯನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು, ಅವಳ ಅಂಗಡಿಯ ಮುಂದೆ ಗಿರಾಕಿಗಳು ಸಾಲುಗಟ್ಟಿದರೂ ಬಿಡಲಿಲ್ಲ. ಅವಳ ಲವ್ ಬಗ್ಗೆ ನನಗಿದ್ದ ಅನುಮಾನ ಆ ನೀರಿನಲ್ಲಿ ಹೋಯಿತು.

"ಮೊದಲೇ ಹೇಳೋದಲ್ವೇನೋ" ಎಂದೆ.

"ಅಂಗಡೀಲೇ ಹೇಳಿದ್ನಲ್ಲ ಮಾವ. ನೀವು ನಂಬಲಿಲ್ಲ."

ಕಾವಲುಗಾರ ಅದರ ಮೇಲೆ ಮರಳು ಸುರಿದು, ಪೂರ್ತಿ ತಣ್ಣಗಾದ ಮೇಲೆ ಕೆದಕಿದ. ಕರಟಿದ ಸುಣ್ಣದ ಡಬ್ಬಿ, ಕಪ್ಪಾದ ಕಾಸುಗಳು, ಸಂಚಿಯ ದಾರದ ತುಂಡು. ಎಸೆದಾಗಲೇ ಹೊರಗೆ ಹಾರಿದ್ದ ಹೊಗೆಸೊಪ್ಪಿನ ಪೊಟ್ಟಣ ಮಾತ್ರ ಸುಡದೆ ಅಷ್ಟು ದೂರದಲ್ಲಿ ಬಿದ್ದಿತ್ತು. ಪ್ರಮೋದ ಎಡಗೈಯಲ್ಲಿ ಅದನ್ನು ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ನಿಮ್ಮ ಬಾಯಿಂದ ಮೊದಲ ದಿನವೇ ವಾಸನೆ ಬಂತು ಮಾವ. ಅಮ್ಮ ದಿನಾ ಕೇಳ್ತಾರೆ. ನಿಮ್ಮ ಮೇಲೆ ಒಂದು ಕಣ್ಣಿಟ್ಟಿರು ಅಂದಿದ್ರು. ಬರೀ ಎಲೆ ಅಡಿಕೆ ಅಂತ ಹೇಳಿದೀನಿ."

ಅಕ್ಕ ಒಂದೇ ಬಸ್ಸಿಗೆ ಇಬ್ಬರು ಇನ್ಸ್‌ಪೆಕ್ಟರುಗಳನ್ನು ಹತ್ತಿಸಿದ್ದಳು. ಒಬ್ಬ ಹಿಡಿಯಲು ಬಂದಿದ್ದ, ಇನ್ನೊಬ್ಬ ಹಿಡಿದೂ ಬಿಟ್ಟಿದ್ದ.

ಮತ್ತೆ ಬರ್ಮಿಂಗ್‌ಹ್ಯಾಮ್

ಅಂದು ಲೀಡ್ಸಿನಲ್ಲೇ ಸುಹಾಸ ಬಂದು, ಪ್ರಮೋದನ ಕೈಗೆ ಕಟ್ಟಿದ್ದ ಬ್ಯಾಂಡೇಜು ನೋಡಿ, ತನ್ನ ಜೇಬಿನಿಂದ ತನ್ನ ಕೊಳವೆಯನ್ನೂ ತೆಗೆದ. ಕಡ್ಡಿಯಂಥ ಸಣಕಲು ಹುಡುಗ, ನಾನು ಅವನ ಬಗ್ಗೆ ಏನೇನೋ ಕಟ್ಟಿಕೊಂಡಿದ್ದೆ. ಎರಡೂ ಕೊಳವೆಗಳನ್ನು ಅಲ್ಲಿನ ಇಂಥದ್ದೇ ಒಂದು ಅಂಗಡಿಗೆ ಒಯ್ದು, ಉಳಿದಿದ್ದ ಸೆಲ್ಲುಗಳ ತಲೆಗೆ ಪಟ್ಟಿ ಹಾಕಿಸಿ, ಹಳೇ ಬ್ಯಾಟರಿಗಳಿಗೆಂದು ಇಟ್ಟಿದ್ದ ಡಬ್ಬಕ್ಕೆ ಕೊಟ್ಟು ಬಂದೆವು. ನಾನೇ ನಿಂತು ನೋಡಿದೆ. ಸಿಗರೇಟಿನ ಚಟ ಬಿಡಿಸಲು ಸರ್ಕಾರದ ಆಸ್ಪತ್ರೆಯವರೇ ಸಹಾಯ ಮಾಡುತ್ತಾರಂತೆ, ತನ್ನ ಜಿಪಿಗೆ, ಅಂದರೆ ಅಲ್ಲಿನ ಡಾಕ್ಟರಿಗೆ, ಫೋನ್ ಮಾಡುತ್ತೇನೆ ಎಂದ ಪ್ರಮೋದ. ಅವನು ಫೋನ್ ಮಾಡುವವರೆಗೂ ಅವನ ಎದುರಿಗೇ ಕೂತಿದ್ದೆ. ಹುಟ್ಟುಗುಣ.

ಊರಿಗೆ ಹೊರಡುವ ಹಿಂದಿನ ದಿನ ಅಕ್ಕನ ವಿಡಿಯೋ ಕಾಲ್ ಬಂತು. ಪ್ರಮೋದ ಬ್ಯಾಂಡೇಜಿನ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

"ಹೇಳೋ. ಹುಡುಗನ್ನ ಕರ್ಕೊಂಡು ಬರ್ತೀಯೋ, ಬಿಟ್ಟು ಬರ್ತೀಯೋ?"

ಅವನು ಕಿಟಕಿಯಾಚೆ ನೋಡುತ್ತಿದ್ದ. ಆಚೆ ಪಕ್ಕದ ಮನೆಯ ಇಟ್ಟಿಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನಾನು ಅವನ ಕೈಯನ್ನು ಮೇಲೆತ್ತಿ ಫೋನಿಗೆ ತೋರಿಸಿದೆ. ಇದು ನನ್ನನ್ನು ಉಳಿಸಲು ಹೋಗಿ ಸುಟ್ಟ ಕೈ ಎಂದೆ. ಕೊಳವೆ, ಸಿಗರೇಟು, ಸೆಲ್ಲು, ನಾನು ಕದ್ದದ್ದು, ಸಂಚಿಯಲ್ಲಿಟ್ಟದ್ದು, ಎಲ್ಲ ಹೇಳಿದೆ. ಹೊಗೆಸೊಪ್ಪಿನ ಮಾತಿಗೆ ಬಂದಾಗ ಪ್ರಮೋದ ಬೇಡ ಎಂದು ತಲೆಯಾಡಿಸಿದ. ಅದನ್ನೂ ಹೇಳಿದೆ. ಅವನು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದ.

ಅಕ್ಕ ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರಕ್ಕೆ ಮುಖ ತಂದಳು.

"ಅವನು ಅದನ್ನ ಬಿಟ್ಟನಾ?"

"ಬಿಟ್ಟ ಅಕ್ಕ. ನನ್ನ ಕಣ್ಣೆದುರಿಗೇ."

"ನೀನು?"

ಪೊಟ್ಟಣ ಇನ್ನೂ ಪ್ರಮೋದನ ಜೇಬಿನಲ್ಲೇ ಇತ್ತು. ಅದನ್ನು ವಾಪಸು ಕೇಳಲು ಎರಡು ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೆ. ನಾನು ಕಿಟಕಿಯಾಚೆಯ ಇಟ್ಟಿಗೆ ಗೋಡೆ ನೋಡಿದೆ.

"ಅವನು ಅಲ್ಲೇ ಓದು ಮುಗಿಸಿ ಬರ್ಲಿ" ಎಂದಳು ಅಕ್ಕ. "ನೀನು ಸೀದಾ ಮನೆಗೆ ಬಾ, ನನ್ನ ಕಣ್ಣೆದುರಿಗಿರು. ಸಂಚಿ ಮಾತ್ರ ಇನ್ನು ನಾನು ಹೊಲಿದುಕೊಡಲ್ಲ."